ಊಟದ ಹೊತ್ತಿನ ಮಾತು

ಕಾಜಕ್ಕ ಎಂದರೆ ಆ ಬೀದಿಗೆಲ್ಲ ಗೊತ್ತು. ಯಾರ ಅಂಗಿಯ ಗುಂಡಿ ಕಿತ್ತು ಹೋದರೂ, ಕಾಜ ಹರಿದರೂ ಮೆಟ್ಟಿಲ ಕೆಳಗಿನ ಅವಳ ಹೊಲಿಗೆ ಮಷಿನ್ನಿನ ಮುಂದೆ ಬಂದು ನಿಲ್ಲಬೇಕು. ಮಕ್ಕಳಿಲ್ಲದ ಅವಳು ಅಕ್ಕನ ಮಗನನ್ನೇ ಎತ್ತಿ ಆಡಿಸಿದ್ದಳು. ಅವನು ಕಾಲೇಜು ಮುಗಿಸಿ ಕಿರುಚಿತ್ರ ಮಾಡುತ್ತೇನೆ ಎಂದಾಗ ಮನೆಯವರೆಲ್ಲ ಮೂಗು ಮುರಿದರು. "ನನ್ನನ್ನೇ ತೆಗಿಯೋ" ಎಂದವಳು ಇವಳೊಬ್ಬಳೇ.

"ಎಷ್ಟು ಹೊತ್ತಿನ ಸಿನಿಮಾನೋ?"

"ಹತ್ತು ನಿಮಿಷ, ಚಿಕ್ಕಮ್ಮ."

"ನಾನು ಬಾಯಿ ತೆಗೆಯೋಕೇ ಅಷ್ಟು ಬೇಕಲ್ಲೋ."

"ದೊಡ್ಡ ಸಿನಿಮಾದಲ್ಲಿ ಹತ್ತು ವಿಷಯ ಹೇಳ್ಬಹುದು. ಇದರಲ್ಲಿ ಒಂದೇ. ಆ ಒಂದು ಸಿಕ್ಕಿದ್ರೆ ಉಳಿದಿದ್ದೆಲ್ಲ ಕತ್ತರಿಸಿ ಎಸೀತೀನಿ."

"ಹಾಗಾದ್ರೆ ನನ್ನ ಮಾತೆಲ್ಲ ಚಿಂದಿ ಅನ್ನು."

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ಮಾತು ಕಡಿಮೆಯ ಮನುಷ್ಯ. ಅವನೂ ಪೇಪರಿನ ಹಿಂದೆ ನಕ್ಕ.

ಚಿತ್ರೀಕರಣದ ದಿನ ಹುಡುಗ ಒಂದು ಪುಟ್ಟ ಮೈಕನ್ನು ಅವಳ ಕೊರಳಪಟ್ಟಿಯೊಳಗೆ ಸಿಕ್ಕಿಸಿದ. ಅವಳು ದಾರ ಪೋಣಿಸಿದಳು, ಬಟ್ಟೆ ಕತ್ತರಿಸಿದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಆದರೆ ಕ್ಯಾಮೆರಾದ ಎದುರು ಅವಳ ಮಾತು ಇಸ್ತ್ರಿ ಹಾಕಿದ ಹಾಗೆ ಬರುತ್ತಿತ್ತು. ಮಧ್ಯಾಹ್ನ ಹುಡುಗನೂ ಅವನ ಗೆಳೆಯರೂ ಕ್ಯಾಮೆರಾ ಮುಚ್ಚಿ ಊಟಕ್ಕೆ ಹೋದರು. ಮೈಕು ಆರಿಸಿ ಬಿಚ್ಚುವುದನ್ನು ಅವರು ಮರೆತರು. ಅದು ಇದೆ ಎಂಬುದನ್ನೇ ಅವಳು ಮರೆತಳು. ತಟ್ಟೆ ಹಿಡಿದು ಪಕ್ಕದಲ್ಲಿ ಕೂತ ಅಕ್ಕ, "ನಿನಗೂ ಒಂದು ಹುಟ್ಟಿದ್ರೆ ಇವನಷ್ಟೇ ಆಗಿರ್ತಿತ್ತು ಕಣೇ" ಎಂದಳು. ಏನನ್ನಿಸಿತೋ, ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಅವಳು ಆಡಿಬಿಟ್ಟಳು.

ಬಡಾವಣೆಯ ಗ್ರಂಥಾಲಯದ ಹಾಲಿನಲ್ಲಿ ಚಿತ್ರ ತೋರಿಸಿದರು. ನೆಂಟರು, ಗಿರಾಕಿಗಳು, ಡಿಪೋದವರು ಎಲ್ಲರೂ ಬಂದಿದ್ದರು. ತೆರೆಯ ಮೇಲೆ ಅವಳ ಬೆರಳು, ಸೂಜಿ, ಮಷಿನ್ನಿನ ಚಕ್ರ. ಜೊತೆಗೆ ಅವಳದೇ ದನಿ: "ಡಾಕ್ಟ್ರು ಇಬ್ಬರನ್ನೂ ಕೂರಿಸ್ಕೊಂಡು, ಕೊರತೆ ಇವರದ್ದು ಅಂದ್ರು. ಇವರ ಮುಖ ನೋಡೋಕಾಗ್ಲಿಲ್ಲ ಅಕ್ಕ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟೆ. ನಂದೇ ಅಂತ ಸಾರ್ಕೊಂಡು ಬಂದೆ. ಬಂಜೆ ಅಂದಾಗ್ಲೂ ಬಾಯಿ ಮುಚ್ಕೊಂಡಿದ್ದೆ."

ಪಕ್ಕದ ಕುರ್ಚಿಯಲ್ಲಿದ್ದ ಗಂಡ ಎದ್ದ. ಕತ್ತಲಲ್ಲಿ ಒಬ್ಬೊಬ್ಬರ ಮೊಣಕಾಲು ದಾಟಿಕೊಂಡು ಹೊರಗೆ ಹೋದ.

ದೀಪ ಹತ್ತಿದಾಗ ಚಪ್ಪಾಳೆಯೋ ಚಪ್ಪಾಳೆ. ಹುಡುಗ ಓಡಿ ಬಂದ.

"ಯಾರನ್ನ ಕೇಳಿ ಹಾಕಿದೆ?"

"ಅದಿಲ್ದೆ ಇದ್ರೆ ಇದು ಬರೀ ಹೊಲಿಗೆ ಪಾಠ ಆಗಿರ್ತಿತ್ತು ಚಿಕ್ಕಮ್ಮ. ನೋಡು, ಎಷ್ಟು ಜನ ಅಳ್ತಿದಾರೆ."

"ನಿನ್ನ ಚಿಕ್ಕಪ್ಪನ್ನ ನೋಡಿದ್ಯಾ?"

ಅವನು ನೋಡಿರಲಿಲ್ಲ.

ಎರಡು ಮಾತಾಡಲು ಅವಳನ್ನು ವೇದಿಕೆಗೆ ಕರೆದರು. "ಅದರಲ್ಲಿರೋದು ಸುಳ್ಳು," ಎಂದಳು. "ಕೊರತೆ ನಂದೇ. ಅವತ್ತು ಅಕ್ಕನ ಮುಂದೆ ಸುಮ್ನೆ ದೊಡ್ಡಸ್ತಿಕೆ ಕೊಚ್ಚಿದೆ." ಯಾರೂ ನಂಬಲಿಲ್ಲ. ಎಂಥಾ ಹೆಂಗಸು ಎಂದು ಅದಕ್ಕೂ ಚಪ್ಪಾಳೆ ತಟ್ಟಿದರು.

ಗಂಡ ಗೇಟಿನ ಬಳಿ ಸ್ಕೂಟರಿಗೆ ಒರಗಿ ನಿಂತಿದ್ದ.

"ಅವನು ಹುಡುಗ, ಬಿಡು," ಎಂದ. "ನೀನು ಯಾಕೆ ಹೇಳ್ದೆ?"

"ಮೈಕು ಇದೆ ಅಂತ ಗೊತ್ತಿರ್ಲಿಲ್ಲ."

"ನಾನು ಮೈಕಿನ ಮಾತಾಡ್ತಿಲ್ಲ."

ಅವಳು ಹಿಂದೆ ಹತ್ತಿ ಕೂತಳು. ಅವನ ಭುಜ ಹಿಡಿಯಲು ಎತ್ತಿದ ಕೈಯನ್ನು ಇಳಿಸಿ, ಸೀಟಿನ ಕಂಬಿ ಹಿಡಿದುಕೊಂಡಳು.