ಹಾಡು ಬಂತು, ಬೈಗುಳ ಬಂತು, ಮಾತು ಬರಲಿಲ್ಲ

2023ರಲ್ಲಿ ನಾನು ಸಿಂಗಪುರದ ಒಂದು ರಿಹ್ಯಾಬ್ ಆಸ್ಪತ್ರೆಯಲ್ಲಿ ಸೀನಿಯರ್ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಇದೇ ಕೆಲಸದಲ್ಲಿ ಕೂದಲು ನರೆಸಿಕೊಂಡವಳು ನಾನು. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕಸುಬು. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಚೀನೀ, ಮಲಯ, ತಮಿಳು ಮಾತಾಡುವವರು. ಅಪರೂಪಕ್ಕೆ ಕನ್ನಡದವರೊಬ್ಬರು ಬಂದರೆ ಇಡೀ ವಿಭಾಗ ನನ್ನ ಕಡೆ ನೋಡುತ್ತದೆ. ಜಯಾನಂದ ಅಂಕಲ್ ಹಾಗೆ ನನ್ನ ಪಾಲಿಗೆ ಬಂದರು.

ಉಡುಪಿ ಕಡೆಯ ಪ್ರಾಟೆಸ್ಟೆಂಟ್ ಕುಟುಂಬದವರು. ಮನೆಯಲ್ಲಿ ತುಳು, ಪ್ರಾರ್ಥನೆಗೆ ಕನ್ನಡ, ಹೊರಗೆ ಇಂಗ್ಲಿಷ್. ಹರೆಯದಲ್ಲಿ ಇಲ್ಲಿನ ಶಿಪ್‌ಯಾರ್ಡಿಗೆ ಕೆಲಸಕ್ಕೆ ಬಂದು, ಫೋರ್‌ಮನ್ ಆಗಿ ನಿವೃತ್ತರಾಗಿದ್ದರು. ಹೌಗಾಂಗಿನ ಅವರ ಫ್ಲ್ಯಾಟಿನಲ್ಲಿ ಪ್ರತಿ ಶನಿವಾರ ಹತ್ತಾರು ಕನ್ನಡ ಕ್ರೈಸ್ತರು ಸೇರುತ್ತಿದ್ದರು. ಆ ಪ್ರಾರ್ಥನಾ ಕೂಟ ಕಟ್ಟಿದವರೂ ಅಲ್ಲಿ ಬೈಬಲ್ ಬೋಧಿಸುತ್ತಿದ್ದವರೂ ಅವರೇ. ಈಗ ಮೆದುಳಿನ ಎಡಭಾಗದಲ್ಲಿ ರಕ್ತ ಕಟ್ಟಿ, ಬಲಗೈ ಸೋತು, ಮಾತು ನಿಂತಿತ್ತು. ಇದನ್ನು ನಾವು ಅಫೇಸಿಯಾ ಎನ್ನುತ್ತೇವೆ. ಅವರದ್ದು ಎಂಥ ಅಫೇಸಿಯಾ ಎಂದರೆ, ಎದುರಿನವರು ಹೇಳುವುದು ಬಹುಪಾಲು ಅರ್ಥವಾಗುತ್ತದೆ, ತಾನು ಏನು ಹೇಳಬೇಕೆಂಬುದೂ ಗೊತ್ತಿರುತ್ತದೆ, ಆದರೆ ಪದ ಬಾಯಿಗೆ ಬರುವುದಿಲ್ಲ.

ಮೊದಲ ಸೆಷನ್ನಿನಲ್ಲಿ ಹೆಂಡತಿ ಪ್ರೇಮಲತಾ ಆಂಟಿ, ಮಗಳು ಶರ್ಮಿಳಾ ಇಬ್ಬರೂ ಪಕ್ಕದಲ್ಲಿದ್ದರು. ನಾನು ಲೋಟದ ಚಿತ್ರ ತೋರಿಸಿ ಏನಿದು ಎಂದು ಕೇಳಿದೆ. ಅಂಕಲ್ ತುಟಿ ಒದ್ದಾಡಿಸಿದರು, ಮುಖ ಕೆಂಪಾಯಿತು. ಕೊನೆಗೆ ಸ್ಪಷ್ಟವಾಗಿ, ಗಟ್ಟಿಯಾಗಿ, ಒಂದು ತುಳು ಮಾತು ಹೊರಬಂತು. ನನಗೆ ತುಳು ಬಾರದು. ಮೊದಲ ದಿನವೇ ಇಷ್ಟು ಸ್ಪಷ್ಟ ಉಚ್ಚಾರಣೆ ಕೇಳಿ ಹಿಗ್ಗಿಹೋದೆ.

“ವೆರಿ ಗುಡ್ ಅಂಕಲ್! ಇನ್ನೊಂದ್ಸಲ ಹೇಳಿ ನೋಡೋಣ.”

ಅವರು ಇನ್ನೊಂದು ಸಲ ಹೇಳಿದರು. ಶರ್ಮಿಳಾ ತಲೆ ತಗ್ಗಿಸಿದಳು. ಆಂಟಿ ಎದ್ದು ಹೊರಗೆ ಹೋದರು.

ಕಾರಿಡಾರಿನಲ್ಲಿ ಆಂಟಿ ಗೋಡೆಗೆ ಒರಗಿ ನಿಂತಿದ್ದರು. ಏನಂದರು ಎಂದು ಕೇಳಿದೆ.

“ಅದನ್ನ ನನ್ನ ಬಾಯಲ್ಲಿ ಹೇಳ್ಲಿಕ್ಕೆ ಆಗಲ್ಲ ಮೇಡಂ. ಹೊಲಸು ಮಾತು. ನೀವು ಅದನ್ನೇ ಇನ್ನೊಂದ್ಸಲ ಹೇಳಿ ಅಂದ್ರಲ್ಲ!”

ನನಗೆ ನಗು ಬಂತು, ಆದರೆ ಅವರ ಕಣ್ಣು ನೋಡಿ ನುಂಗಿಕೊಂಡೆ. ಅಂಕಲ್ ಶಿಪ್‌ಯಾರ್ಡಿಗೆ ಸೇರಿದ ಹೊಸತರಲ್ಲಿ ಕುಡಿಯುತ್ತಿದ್ದರಂತೆ, ಬಾಯಿ ತೆರೆದರೆ ಬೈಗುಳವಂತೆ. ಆಮೇಲೆ ಒಂದು ಕ್ರೈಸ್ತ ಸಭೆಯಲ್ಲಿ ಅವರ ಮನಸ್ಸು ತಿರುಗಿತು, ಅವರ ಮಾತಿನಲ್ಲೇ ಹೇಳುವುದಾದರೆ ‘ರಕ್ಷಣೆ’ ಹೊಂದಿದರು. ಅಂದಿನಿಂದ ಕುಡಿತವೂ ಇಲ್ಲ, ಒಂದು ಕೆಟ್ಟ ಮಾತೂ ಇಲ್ಲ. “ಆ ಹಳೇ ಮನುಷ್ಯ ವಾಪಸ್ ಬಂದ್ರಾ ಮೇಡಂ?” ಎಂದು ಆಂಟಿ ಕೇಳಿದರು.

ಎಂದಿನಂತೆ ವಿವರಿಸಿದೆ. ನಾವು ಯೋಚಿಸಿ ಕಟ್ಟುವ ಮಾತನ್ನು ಮೆದುಳಿನ ಎಡಭಾಗ ನಡೆಸುತ್ತದೆ, ಪೆಟ್ಟು ಬಿದ್ದಿರುವುದು ಅಲ್ಲಿಗೆ. ಆದರೆ ಸಾವಿರ ಸಲ ಹೇಳಿ ನಾಲಿಗೆಗೆ ಅಂಟಿಕೊಂಡ ಮಾತುಗಳು ಬೇರೆ ದಾರಿಯಲ್ಲಿ ಬರುತ್ತವೆ. ಒಂದು ಎರಡು ಎಣಿಸುವುದು, ವಾರದ ಹೆಸರು, ಬೈಗುಳ, ಇವೆಲ್ಲ ಹಾಗೆ. ಇದನ್ನು ಆಟೊಮ್ಯಾಟಿಕ್ ಸ್ಪೀಚ್ ಎನ್ನುತ್ತೇವೆ. ಅವರು ಹೇಳಲು ಹೊರಟದ್ದು ಲೋಟ; ಆ ದಾರಿ ಮುಚ್ಚಿದ್ದಕ್ಕೆ ತೆರೆದಿದ್ದ ದಾರಿಯಿಂದ ಬೈಗುಳ ನುಗ್ಗಿತು. ಆಂಟಿ ಅರ್ಧ ನಂಬಿದರು.

ಆ ಶನಿವಾರ ಕೂಟದವರು ಆಸ್ಪತ್ರೆಗೆ ಬಂದರು. ಅಂಕಲ್ ಹಾಸಿಗೆ ಹಿಡಿದ ಮೇಲೆ ಅವರ ಮುಂದಾಳಾದ ಸ್ಯಾಮ್ಯುವೆಲ್, ತಂಜಾಂಗ್ ಪಗಾರಿನ ಆಫೀಸೊಂದರಲ್ಲಿ ಎಂಜಿನಿಯರ್. ಅವರನ್ನು ಯೇಸುವಿನ ನಂಬಿಕೆಗೆ ತಂದವರೇ ಅಂಕಲ್; ಸ್ಯಾಮ್ಯುವೆಲ್ ಅಂಕಲನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಎಲ್ಲರೂ ಹಾಸಿಗೆಯ ಸುತ್ತ ನಿಂತು ಹಳೆಯ ಕನ್ನಡ ಕೀರ್ತನೆಯೊಂದನ್ನು ಹಾಡಿದರು. ಎರಡನೇ ಸಾಲಿಗೆ ಅಂಕಲ್ ದನಿ ಸೇರಿಸಿದರು. ಕೊನೆಯವರೆಗೂ ಒಂದು ಪದ ತಪ್ಪದೆ ಹಾಡಿದರು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಜನ ಅಳುತ್ತಿದ್ದರು. “ದೇವರು ಬಾಯಿ ತೆರೆದ!” ಎಂದರು ಸ್ಯಾಮ್ಯುವೆಲ್. “ಅಣ್ಣಾ, ಈಗ ನೀವೇ ಒಂದು ಪ್ರಾರ್ಥನೆ ಮಾಡಿ.”

ನಾನು ತಡೆಯುವಷ್ಟರಲ್ಲಿ ಅಂಕಲ್ ಕಣ್ಣು ಮುಚ್ಚಿದ್ದರು. ಬಂದದ್ದು ಅದೇ ಮಾತು, ಒಂದರ ಮೇಲೊಂದು. ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ತುಳು ಬರುತ್ತಿತ್ತು.

ಅಂಕಲ್ ಕಣ್ಣು ತೆರೆದು ಎಲ್ಲರ ಮುಖ ನೋಡಿದರು. ಎಡಗೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಅವರು ಬಾಯಿ ತೆರೆಯಲಿಲ್ಲ. ಊಟಕ್ಕೆ, ಮಾತ್ರೆಗೆ ಬಿಟ್ಟರೆ ತುಟಿ ಬಿಗಿದೇ ಇರುತ್ತಿತ್ತು. ನಾನು ಹೋದರೆ ಗೋಡೆಯ ಕಡೆ ತಿರುಗುತ್ತಿದ್ದರು. ಸ್ಟ್ರೋಕ್ ಆದ ಮೊದಲ ಕೆಲವು ತಿಂಗಳಲ್ಲಿ ಮೆದುಳು ಬೇಗ ಚೇತರಿಸಿಕೊಳ್ಳುತ್ತದೆ. ಆ ಕಾಲವನ್ನು ಸುಮ್ಮನೆ ಕಳೆದರೆ ಆಮೇಲೆ ಹೆಜ್ಜೆ ಹೆಜ್ಜೆಗೂ ಕಷ್ಟ. ಯಾವ ರೋಗಿಯನ್ನೂ ನಾನು ಸುಲಭಕ್ಕೆ ಬಿಟ್ಟುಕೊಟ್ಟವಳಲ್ಲ. ಆದರೆ ಬಾಯಿ ತೆರೆಯದವರಿಗೆ ಏನು ಕಲಿಸುವುದು?

ಒಂದು ಮಧ್ಯಾಹ್ನ ಆಂಟಿ ನನ್ನ ಕೋಣೆಗೆ ಬಂದು ಕೂತರು. ಆ ಶನಿವಾರ ಹೊರಟು ಹೋಗುವಾಗ ಸ್ಯಾಮ್ಯುವೆಲ್ ಕೆಳಗೆ ಲಾಬಿಯಲ್ಲಿ ಒಂದು ಮಾತು ಅಂದಿದ್ದರಂತೆ: ಅಣ್ಣನಿಗೆ ಆಗಿದ್ದು ನಿಜವಾದ ರಕ್ಷಣೆಯೋ ಅಲ್ಲವೋ ನಮಗೇನು ಗೊತ್ತು ಸಿಸ್ಟರ್, ಪ್ರಾರ್ಥನೆ ಮಾಡೋಣ. ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಹೆದರಿ ಅಂದದ್ದು. ಆದರೆ ಆ ಮಾತು ಆಂಟಿಯ ನಿದ್ದೆ ಕೆಡಿಸಿತ್ತು.

“ಮೇಡಂ, ನಂಗೆ ಒಂದೇ ಒಂದು ಹೇಳಿ. ಹಾಡಿದ್ದು ಹೃದಯದಿಂದ, ಬೈದದ್ದು ಕಾಯಿಲೆಯಿಂದ. ಹೌದಲ್ವಾ?”

ಹೌದು ಎಂದುಬಿಟ್ಟರೆ ಅವರು ನಿರಾಳವಾಗಿ ಮನೆಗೆ ಹೋಗುತ್ತಿದ್ದರು. ನಾಲಿಗೆ ತುದಿಗೆ ಬಂದಿತ್ತು. ಆದರೆ ನಾಳೆ ಅಂಕಲ್‌ಗೆ ಹಾಡೂ ಬಾರದೆ ಹೋದರೆ ಇವರ ಗತಿಯೇನು ಎನ್ನಿಸಿತು. ಅದೂ ಅಲ್ಲದೆ ಅದು ನಿಜವಲ್ಲ.

“ಇಲ್ಲ ಆಂಟಿ. ಎರಡೂ ಒಂದೇ ಥರ ಬಂದದ್ದು. ಚಿಕ್ಕಂದಿನಿಂದ ಹಾಡಿದ ಹಾಡು, ಹರೆಯದಲ್ಲಿ ಆಡಿದ ಬೈಗುಳ, ಎರಡೂ ತಾವಾಗೇ ಬರ್ತವೆ. ಬೈಗುಳದಿಂದ ಅವರ ಮನಸ್ಸು ಗೊತ್ತಾಗಲ್ಲ. ಹಾಡಿನಿಂದ್ಲೂ ಗೊತ್ತಾಗಲ್ಲ.”

“ಹಾಗಾದ್ರೆ ನನ್ನ ಕೈಯಲ್ಲಿ ಏನು ಉಳೀತು ಮೇಡಂ?”

ನಾನು ಹಿಂದೂ ಮನೆಯವಳು. ಇವರ ಶಾಸ್ತ್ರದ ಗಂಧ ನನಗಿಲ್ಲ. ಆದರೆ ರೋಗಿ ಬಾಯಿ ತೆರೆಯಬೇಕಾದರೆ ಅವರ ಭಯ ಏನೆಂದು ನನಗೆ ತಿಳಿಯಬೇಕು. ಅಂಕಲ್ ಕೂಟದಲ್ಲಿ ಏನು ಬೋಧಿಸುತ್ತಿದ್ದರು ಎಂದು ಕೇಳಿದೆ.

ಆಂಟಿ ಮೂಗು ಒರೆಸಿಕೊಂಡು ಶುರುಮಾಡಿದರು. ರಕ್ಷಣೆ ಎಂದರೆ ಯೇಸುವನ್ನು ನಂಬಿದವನಿಗೆ ಪಾಪದಿಂದ ಸಿಗುವ ಬಿಡುಗಡೆ. ಒಮ್ಮೆ ಅದನ್ನು ಪಡೆದವನು ಮತ್ತೆ ಕಳೆದುಕೊಳ್ಳುವುದಿಲ್ಲ, ಏಕೆಂದರೆ ಕಾಯುವವನು ಮನುಷ್ಯನಲ್ಲ, ದೇವರು. ಇದಕ್ಕೆ ನಿತ್ಯ ಭದ್ರತೆ ಎನ್ನುತ್ತಾರೆ. ಎಲ್ಲ ಕ್ರೈಸ್ತರೂ ಇದನ್ನು ಒಪ್ಪುವುದಿಲ್ಲ. ನಡುವೆ ಬಿದ್ದುಹೋಗಬಹುದು ಎನ್ನುವವರೂ ಇದ್ದಾರೆ. ಒಪ್ಪುವವರಲ್ಲೂ, ಕಡೆಗೆ ದಾರಿ ಬಿಟ್ಟವನಿಗೆ ಮೊದಲೇ ರಕ್ಷಣೆ ಆಗಿರಲಿಲ್ಲ ಎನ್ನುವವರಿದ್ದಾರೆ. ಸ್ಯಾಮ್ಯುವೆಲ್ ಅವರನ್ನು ಕಾಡಿದ್ದು ಅದು.

“ಇವ್ರು ಶಿಪ್‌ಯಾರ್ಡಿನ ಮಾತಲ್ಲೇ ಹೇಳ್ತಿದ್ರು. ಹಡಗಿನ ಹೊರಗೆ ಅಷ್ಟು ಎತ್ತರದಲ್ಲಿ ಕೆಲಸ ಮಾಡೋವಾಗ ಸೊಂಟಕ್ಕೆ ಬೆಲ್ಟ್ ಹಾಕಿ ಹಗ್ಗ ಕಟ್ಟಿರ್ತಾರಲ್ಲ. ಒಬ್ಬ ತಲೆ ತಿರುಗಿ ಪ್ರಜ್ಞೆ ತಪ್ಪಿದ ಅಂತ ಇಟ್ಕೊಳ್ಳಿ. ಆಗ ಅವನು ಹಗ್ಗ ಹಿಡ್ಕೊಂಡಿರ್ತಾನಾ? ಹಗ್ಗ ಅವನನ್ನ ಹಿಡ್ಕೊಂಡಿರತ್ತೆ. ಅವನಿಗೆ ಗೊತ್ತೇ ಇಲ್ಲ, ಆದ್ರೂ…”

ಅಲ್ಲಿಗೆ ನಿಂತರು. ತಾವು ಹೇಳುತ್ತಿರುವುದು ತಮ್ಮ ಕಿವಿಗೇ ಬಿದ್ದಂತೆ ನನ್ನನ್ನು ನೋಡಿದರು.

“ಇದನ್ನ ಅಂಕಲ್‌ಗೆ ಹೇಳಿದ್ರಾ ಆಂಟಿ?”

“ಅವ್ರಿಗೆ ನಾನೇನು ಹೇಳೋದು? ನಂಗೆ ಕಲಿಸಿದ್ದೇ ಅವ್ರು.”

“ಅವ್ರು ಬೇರೆಯವರಿಗೆ ಹೇಳಿದ್ದು. ಅವ್ರಿಗೆ ಯಾರೂ ಹೇಳಿಲ್ಲವಲ್ಲ.”

ಮರುದಿನ ಇಬ್ಬರೂ ಒಟ್ಟಿಗೆ ಹೋದೆವು. ಅಂಕಲ್ ಎದುರು ಕೂತು ಕಾಗದದ ಮೇಲೆ ಮೆದುಳಿನ ಚಿತ್ರ ಬರೆದೆ. ಪೆಟ್ಟು ಬಿದ್ದದ್ದು ಇಲ್ಲಿ, ಬೈಗುಳ ಬರುವುದು ಹೀಗೆ, ಕೀರ್ತನೆ ಬರುವುದೂ ಹೀಗೆಯೇ ಎಂದು ನಿಧಾನವಾಗಿ ಹೇಳಿದೆ. ಮೊದಲ ಬಾರಿಗೆ ಅವರು ಗೋಡೆಯಿಂದ ಈ ಕಡೆ ತಿರುಗಿದರು. ಹೌದು, ಇಲ್ಲ ಎಂದು ತಲೆಯಾಡಿಸಿದರೆ ಸಾಕು ಎಂದೆ.

“ಕೆಟ್ಟ ಮಾತು ಬರತ್ತೆ ಅಂತ ಬಾಯಿ ತೆರೀತಿಲ್ವಾ?” ಹೌದು.

“ನಾಚಿಕೆನಾ?” ಅಲ್ಲ ಎಂಬಂತೆ, ಹೌದು ಎಂಬಂತೆ.

“ದೇವರು ಕೈಬಿಟ್ಟ ಅಂತ ಭಯಾನಾ?”

ತಲೆ ಅಲ್ಲಾಡಲಿಲ್ಲ. ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿಯಿತು. ಅಷ್ಟು ಜನರಿಗೆ ಧೈರ್ಯ ಹೇಳಿದ ಮನುಷ್ಯ ಒಬ್ಬನೇ ಆ ಭಯದೊಳಗೆ ಕೂತಿದ್ದ.

ಆಂಟಿ ಹಾಸಿಗೆಯ ಅಂಚಿಗೆ ಸರಿದು, ಅವರದೇ ಹಗ್ಗದ ಮಾತನ್ನು ಅವರಿಗೆ ಹೇಳಿದರು. ಮೊದಲು ಕನ್ನಡದಲ್ಲಿ, ಆಮೇಲೆ ತುಳುವಿನಲ್ಲಿ. ಕೊನೆಗೆ ನನ್ನ ಕಡೆ ನೋಡಿ ಮತ್ತೆ ಕನ್ನಡಕ್ಕೆ ಬಂದರು.

“ಬೈಗುಳ ಬಂದ್ರೆ ಬರಲಿ ಬಿಡಿ. ಮದುವೆಯಾದ ಹೊಸದ್ರಲ್ಲಿ ಇದಕ್ಕಿಂತ ಜೋರಾಗಿ ಕೇಳಿದ್ದೇನೆ ನಾನು. ಆಗ ನಿಮ್ಮನ್ನ ದೇವರು ತಗೊಂಡ ಅಲ್ವಾ? ಈಗ ಬಿಡ್ತಾನಾ?”

ಅಂಕಲ್ ಮುಖ ಸಡಿಲವಾಯಿತು. ಏನೋ ಹೇಳಲು ಬಾಯಿ ತೆರೆದರು. ಬಂದದ್ದು ಅದೇ ಮಾತು. ಮೊದಲು ನಕ್ಕವರು ಆಂಟಿ. ಆಮೇಲೆ ಅಂಕಲ್ ನಕ್ಕರು, ಕಣ್ಣೀರು ಒರೆಸಿಕೊಳ್ಳುತ್ತಲೇ.

ಅಲ್ಲಿಂದ ನಮ್ಮ ನಿಜವಾದ ಕೆಲಸ ಶುರುವಾಯಿತು. ಬೈಗುಳ ಬಂದರೆ ನಿಲ್ಲಿಸುವುದು, ಎಡಗೈಯನ್ನು ಮೇಜಿನ ಮೇಲೆ ಇಡುವುದು, ಉಸಿರು ಎಳೆದುಕೊಳ್ಳುವುದು, ಮತ್ತೆ ಪ್ರಯತ್ನಿಸುವುದು ಎಂದು ಅಭ್ಯಾಸ ಮಾಡಿಸಿದೆ. ಅಂಕಲ್ ಫೋರ್‌ಮನ್ ಆಗಿದ್ದವರು. ಕೆಲಸಕ್ಕೆ ಕೂತರೆ ಏಳುತ್ತಿರಲಿಲ್ಲ. ಆದರೆ ಅವರು ತಾವಾಗಿ ಹೇಳಿದ ಮೊದಲ ಪದ ಪ್ರಾರ್ಥನೆಯದ್ದಲ್ಲ. ಒಂದು ದಿನ ನಾನು ಊಟದ ಹೊತ್ತು ಮೀರಿದರೂ ಬಿಡದೆ ಚಿತ್ರ ತೋರಿಸುತ್ತಿದ್ದೆ. ಅವರು ನನ್ನನ್ನೇ ದಿಟ್ಟಿಸಿ, ಒಂದೊಂದು ಅಕ್ಷರ ಎಳೆದು, “ಸಾ… ಕು” ಎಂದರು. ನಾನು ಚಪ್ಪಾಳೆ ತಟ್ಟಿದ್ದಕ್ಕೆ ಪಕ್ಕದ ಕೋಣೆಯ ಥೆರಪಿಸ್ಟ್ ಓಡಿಬಂದಳು.

ಮನೆಗೆ ಹೋದ ಮೇಲೂ ವಾರಕ್ಕೆ ಎರಡು ಸಲ ಬರುತ್ತಿದ್ದರು. ಕೆಲವು ತಿಂಗಳ ನಂತರ, ಕೂಟದಲ್ಲಿ ಮಾತಾಡಬೇಕೆಂದು ಸನ್ನೆ ಮಾಡಿ ತಿಳಿಸಿದರು. ಸ್ಕ್ರಿಪ್ಟ್ ಟ್ರೇನಿಂಗ್ ಎಂಬ ವಿಧಾನವಿದೆ: ಬೇಕಾದ ಎರಡು ಮೂರು ವಾಕ್ಯಗಳನ್ನು ಮೊದಲೇ ಗೊತ್ತುಮಾಡಿ, ನಾಲಿಗೆಗೆ ಕೂರುವವರೆಗೆ ಉರು ಹೊಡೆಸುವುದು. “ಎಲ್ಲರಿಗೂ ವಂದನೆ. ಪ್ರಾರ್ಥನೆ ಮಾಡಿದ್ರಿ. ಸಂತೋಷ.” ಇಷ್ಟು ಸಿದ್ಧಮಾಡಿದೆವು. ಆಂಟಿ ನನ್ನನ್ನೂ ಕರೆದರು.

ಆ ಶನಿವಾರ ಹೌಗಾಂಗಿನ ಫ್ಲ್ಯಾಟ್ ತುಂಬಿತ್ತು. ಬಾಗಿಲಾಚೆ ಚಪ್ಪಲಿಗಳ ರಾಶಿ, ಅಡುಗೆಮನೆಯಿಂದ ನೀರುದೋಸೆಯ ವಾಸನೆ. ಸ್ಯಾಮ್ಯುವೆಲ್ ಮುಂದಿನ ಸಾಲಿನಲ್ಲಿ ಕೂತಿದ್ದರು. ಅಂಕಲ್ ಕೋಲು ಊರಿ ಎದ್ದು ನಿಂತರು. “ಎಲ್ಲರಿಗೂ” ಎಂದರು. ಆಮೇಲೆ ಸಿಕ್ಕಿಕೊಂಡರು. ತುಟಿ ಒದ್ದಾಡಿತು. ಬಂದೇಬಿಟ್ಟಿತು, ಅದೇ ಮಾತು, ಎಲ್ಲರೆದುರು.

ಶರ್ಮಿಳಾ ಮೆಲ್ಲಗೆ, “ಪಪ್ಪಾ, ಇಟ್ಸ್ ಓಕೆ ಲಾ, ಕೂತ್ಕೊಳ್ಳಿ” ಎಂದಳು.

ಅಂಕಲ್ ಕೂರಲಿಲ್ಲ. ಕೋಲನ್ನು ಕುರ್ಚಿಗೆ ಒರಗಿಸಿ, ಎಡಗೈಯನ್ನು ಕುರ್ಚಿಯ ಬೆನ್ನಿನ ಮೇಲೆ ಇಟ್ಟು, ಉಸಿರು ಎಳೆದುಕೊಂಡರು. ಸ್ಯಾಮ್ಯುವೆಲ್ ಕಡೆಗೇ ನೋಡುತ್ತ ಅಂಕಲ್ ಹೇಳಿದರು:

“ನಾನು… ಬಿಡ್‌ಬಹುದು. ಅವನು… ಬಿಡಲ್ಲ.”

ಅದು ನಾವು ಅಭ್ಯಾಸ ಮಾಡಿದ ವಾಕ್ಯವಲ್ಲ. ಯಾವ ಹಾಡಿನದ್ದೂ ಅಲ್ಲ, ಯಾರೂ ಉರು ಹೊಡೆಸಿದ್ದೂ ಅಲ್ಲ. ಪೆಟ್ಟು ತಿಂದ ಮೆದುಳಿನಲ್ಲಿ ಒಂದೊಂದೇ ಪದ ಹುಡುಕಿ ಆ ಮನುಷ್ಯ ಅಲ್ಲೇ ನಿಂತು ಕಟ್ಟಿದ ವಾಕ್ಯ. ಬಿಡಬಹುದು ಮತ್ತು ಬಿಡಲ್ಲ ಎಂದು ಒಂದೇ ಕ್ರಿಯಾಪದವನ್ನು ಎರಡು ರೀತಿ ತಿರುಗಿಸುವುದು ಅಫೇಸಿಯಾ ಇರುವವರಿಗೆ ಎಷ್ಟು ಕಷ್ಟವೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಉಳಿದವರು ಅವರ ನಂಬಿಕೆಯ ಸಾಕ್ಷಿ ಕೇಳಿ ಅತ್ತರು. ನಾನು ವ್ಯಾಕರಣ ಕೇಳಿ ಅತ್ತೆ.

ಸ್ಯಾಮ್ಯುವೆಲ್ ಎದ್ದು ಬಂದು ಅಂಕಲ್ಲರ ಬಲವಿಲ್ಲದ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಅಣ್ಣಾ, ನಾನೇ ಹೆದರಿಬಿಟ್ಟಿದ್ದೆ” ಎಂದರು. ಅಂಕಲ್ ಅವರ ಭುಜ ತಟ್ಟಿ ಕೂತರು, ಆಮೇಲೆ ದೋಸೆ ಬರುವವರೆಗೆ ಒಂದು ಮಾತೂ ಆಡಲಿಲ್ಲ. ಸುಸ್ತಾಗಿತ್ತು.

ಅಂಕಲ್ ಈಗಲೂ ಉದ್ದದ ವಾಕ್ಯ ಆಡಲಾರರು. ಶನಿವಾರದ ಪಾಠ ಸ್ಯಾಮ್ಯುವೆಲ್ ನಡೆಸುತ್ತಾರೆ, ಅಂಕಲ್ ನಡುವೆ ಒಂದು ಪದ ಸೇರಿಸುತ್ತಾರೆ. ಬೈಗುಳ ಆಗೀಗ ಬರುತ್ತದೆ. ಕೂಟದಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ನಿತ್ಯ ಭದ್ರತೆಯ ವಾದದಲ್ಲಿ ಯಾರು ಸರಿ ಎಂದು ಹೇಳುವ ಅರ್ಹತೆ ನನಗಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ಮಾತು ಹೋದವರ ಮನೆಯವರು ಆ ಬಾಯಿಂದ ಬಂದದ್ದನ್ನೆಲ್ಲ ಆ ಮನುಷ್ಯನೆಂದೇ ತಿಳಿಯುತ್ತಾರೆ, ಏನೂ ಬಾರದಿದ್ದರೆ ಅವನು ಇಲ್ಲವೆಂದೇ ತಿಳಿಯುತ್ತಾರೆ. ರೋಗಿಯೂ ಹಾಗೆಯೇ ನಂಬಿಬಿಡುತ್ತಾನೆ. ಮಾತು ಕಲಿಸುವ ಮೊದಲು ಆ ನಂಬಿಕೆಯನ್ನು ಬಿಡಿಸಬೇಕು. ಅದಕ್ಕೇ ಯಾವ ಪರೀಕ್ಷೆಗೂ ಮುಂಚೆ, ಮನೆಯವರ ಎದುರಿಗೇ, ರೋಗಿಯ ಕಣ್ಣಲ್ಲಿ ಕಣ್ಣಿಟ್ಟು “ನಿಮ್ಮ ಮಾತು ಹೋಗಿದೆ, ನೀವು ಹೋಗಿಲ್ಲ” ಎಂದು ಹೇಳುವುದನ್ನು ನಾನು ರೂಢಿ ಮಾಡಿಕೊಂಡೆ. ನನ್ನನ್ನು ನೋಡಿ ಉಳಿದವರೂ ಶುರುಮಾಡಿದರು. ಇವತ್ತು ನಮ್ಮ ವಿಭಾಗದಲ್ಲಿ ಆ ಮಾತನ್ನು ಮ್ಯಾಂಡರಿನ್, ಮಲಯ, ತಮಿಳಿನಲ್ಲಿ ಹೇಳುತ್ತಾರೆ. ಕಾರಿಡಾರಿನಲ್ಲಿ ಹೋಗುವಾಗ ಅದು ಕಿವಿಗೆ ಬಿದ್ದರೆ ನಾನು ಒಂದು ಗಳಿಗೆ ನಿಂತು ಕೇಳಿಯೇ ಮುಂದಕ್ಕೆ ಹೋಗುತ್ತೇನೆ.