ಸೂಜಿಗಲ್ಲು ವಾಲದ ಗಡಿಗೆ

ನನಗಾಗ ಇಪ್ಪತ್ತೆರಡು. ಅರವತ್ತು ವರ್ಷದ ಹಿಂದಿನ ಮಾತು. ಕುಂಬಾರ ಕಾಕಾರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ; ಮಣ್ಣು ತಿಂದು ಹಾಕಿತ್ತು. ಆ ಬೋಳು ಬೆರಳಿಗೆ ದಾರ ಸುತ್ತಿ, ದಾರದ ತುದಿಗೆ ಸೂಜಿಗಲ್ಲು ಕಟ್ಟಿ, ಸುಟ್ಟ ಗಡಿಗೆಯ ಹತ್ತಿರ ಇಳಿಬಿಡುತ್ತಿದ್ದರು. ಕಲ್ಲು ಗಡಿಗೆಯ ಕಡೆ ವಾಲಿದರೆ ಮಾರುವುದು, ಇಲ್ಲದಿದ್ದರೆ ಇಲ್ಲ.

ಗಂಡ ಸತ್ತ ಮೇಲೆ ಧುಪದಾಳದಲ್ಲಿ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವರು ಅವರೊಬ್ಬರೇ. ಹೊಳೆದಂಡೆಯ ಕರಿ ಉಸುಕು ತಂದು ಮಣ್ಣಿಗೆ ಬೆರೆಸಿ ತುಳಿಯುವುದು ನನ್ನ ಪಾಲು. ಆ ಉಸುಕಿನಲ್ಲಿ ಕಬ್ಬಿಣವಿದೆ, ಒಲೆಯ ಮೇಲೆ ಗಡಿಗೆ ಸೀಳದಂತೆ ಕಾಯುವುದು ಅದೇ ಎನ್ನುತ್ತಿದ್ದರು. ಬುಟ್ಟಿಗೆ ಎರಡು ಹಿಡಿ ಕಡಿಮೆಯಾದರೆ ಕಲ್ಲು ಸೋಮಾರಿಯಾಗುತ್ತಿತ್ತು. ಆಗ ನನ್ನ ಮುಖ ನೋಡಿ, "ಯಾಕವಾ, ಹೊಳ್ಯಾಗಿನ ಉಸುಕ ತೀರಿತೇನ?" ಅನ್ನುತ್ತಿದ್ದರು.

ಒಂದು ಬೇಸಿಗೆ, ಹೊಳೆಯವರೆಗೆ ನಡೆಯಲು ನನಗೆ ಬೇಸರವಾಯಿತು. ಹಿತ್ತಲಿನ ಕೆಮ್ಮಣ್ಣು ಸುರಿದು ತುಳಿದೆ. ಅದರಲ್ಲೂ ಕಬ್ಬಿಣವಿದೆ ಎಂದು ಕಾಕಾರೇ ಹೇಳಿದ್ದರಲ್ಲ. ಆ ಮಣ್ಣಿನಲ್ಲಿ ಮಾಡಿದ್ದು ಊರ ಗೌಡರ ಹೆಂಡತಿ ಗೌಡಶಾನಿಯ ಗಡಿಗೆಗಳು, ಮಗಳ ಬಾಣಂತನಕ್ಕೆ ನೀರು ಕಾಯಿಸಲು.

ಸುಟ್ಟ ಮೇಲೆ ಕುಂಕುಮದಂತೆ ಕೆಂಪು. ಗೌಡಶಾನಿ ನೋಡಿ ಹಿಗ್ಗಿದಳು. ಕಲ್ಲು ಅಲುಗಲಿಲ್ಲ.

"ಇವನ್ನ ಕೊಡಂಗಿಲ್ರಿ ಅವ್ವಾರ," ಎಂದರು ಕಾಕಾ.

"ಇಷ್ಟ ಚಂದ ಅದಾವಲ್ಲೋ! ಬಾಣಂತನ ನನ್ನ ಮಗಳಿಗೋ, ನಿನ್ನ ಕಲ್ಲಿಗೋ?"

ಕಾಕಾ ಒಂದಕ್ಕೆ ನೀರು ತುಂಬಿ ಒಲೆಗೇರಿಸಿದರು. ನೀರು ಕುದಿಯುವ ಹೊತ್ತಿಗೆ ಗಡಿಗೆ ಸೀಳಿ ಒಲೆಯೇ ಆರಿತು. ಗೌಡಶಾನಿ ಸೆರಗು ಎತ್ತಿ ಹಿಂದೆ ಸರಿದಳು.

"ವಯಸ್ಸಾತು, ನಿನ್ನ ಕೈ ಹೋತು. ಇನ್ನ ಮ್ಯಾಲೆ ಗೋಕಾಕದಿಂದ ತರಸ್ತೀನಿ."

ಕಾಕಾ ಒಂದು ಚೂರು ಎತ್ತಿ ಒಡೆದ ಅಂಚು ನೋಡಿದರು. ಕರಿ ಮಿಣುಕು ಒಂದೂ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದರು.

"ಹೌದ್ರಿ ಅವ್ವಾರ. ಮಣ್ಣ ಹದಾ ಮಾಡೂದ್ರಾಗ ನಾನ ತಪ್ಪಿದೆ."

ಆಕೆ ಹೋದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಎರಡರಾಗೂ ಕಬ್ಬಿಣ ಐತಿ, ಖರೆ. ಗುಣ ಬ್ಯಾರೆ. ಅದರ ಜಾಗಾದಾಗ ಇದ ಕುಂಡ್ರಂಗಿಲ್ಲವಾ."

ಹೊರಗೆ ಹಾಕಿದ್ದರೆ ನನಗೆ ಬೇರೆ ಬಾಗಿಲಿರಲಿಲ್ಲ. ಹಾಕಲಿಲ್ಲ. ಸಾಯುವತನಕ ಆ ಮಾತು ಎತ್ತಲೂ ಇಲ್ಲ. ನಲವತ್ತು ವರ್ಷ ಗಡಿಗೆ ಮಾಡಿದವರು, ನನ್ನ ಸಲುವಾಗಿ ಕೈ ಹೋದವರು ಅನ್ನಿಸಿಕೊಂಡರು.

ಗಡಿಗೆ ಸೀಳಿದ ದಿನ ರಾತ್ರಿ ನಾನು ರೊಟ್ಟಿ ತಿಂದೆ, ಮಲಗಿದೆ, ನಿದ್ದೆಯೂ ಬಂತು. ಮರುದಿನ ಬೆಳಗ್ಗೆ ಗೌಡರ ಅಂಗಳಕ್ಕೆ ಹೋಗಿ, ಆಳುಮಕ್ಕಳೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ: "ಉಸುಕಿನ ಬದ್ಲಿ ಕೆಮ್ಮಣ್ಣ ಹಾಕಿದಾಕಿ ನಾನ್ರಿ."