ದೇವರ ಮನೆಯ ಹಳೇ ತಂತಿ

ಹಾಸನದ ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಸೊಸೆಯಾಗಿ ಬರುವ ಮೊದಲೇ. ನಲವತ್ತರ ದಶಕದ ಕೊನೆಗೆ ಆ ತಂತಿಗಳ ಬಟ್ಟೆಯ ಹೊದಿಕೆ ಹರಿದು, ಒಳಗಿನ ರಬ್ಬರು ಮುಟ್ಟಿದರೆ ಮೆಣಸಿನ ಪುಡಿಯಂತೆ ಉದುರುತ್ತಿತ್ತು. ಎಲ್ಲವನ್ನೂ ಬದಲಾಯಿಸಲು ಮಾವನವರು ಅರಕಲಗೂಡಿನ ಕಡೆಯ ಒಬ್ಬ ವೈರ್‌ಮನ್‌ನನ್ನು ಕರೆಸಿದರು. ನಡುವಯಸ್ಸಿನವನು. ಒಳಗೆ ಬರುವ ಮುನ್ನ ಪ್ರತಿಸಲವೂ ಬಾಗಿಲ ಗೋಣಿಚೀಲಕ್ಕೆ ಕಾಲು ಒರೆಸಿಕೊಳ್ಳುತ್ತಿದ್ದ.

ಮೂರನೆಯ ದಿನ ದೇವರ ಮನೆಯೊಂದು ಉಳಿಯಿತು. ಅತ್ತೆ ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: “ಅವನ ಕೊರಳಲ್ಲಿ ಲಿಂಗ ಇಲ್ಲ ಕಣವ್ವ. ಒಳಕ್ಕೆ ಬಿಡಬ್ಯಾಡ. ನೀನು ಓದಿದೋಳು, ನಯವಾಗಿ ಹೇಳು.”

ನಯವಾಗಿ ಮಾತಾಡುವುದನ್ನು ಕಾನ್ವೆಂಟಿನ ಸಿಸ್ಟರುಗಳು ನನಗೆ ಚೆನ್ನಾಗಿಯೇ ಕಲಿಸಿದ್ದರು. “ಆ ಕೋಣೆಯ ತಂತಿ ಇನ್ನೂ ಗಟ್ಟಿಯಾಗಿದೆ, ಇರಲಿ ಬಿಡಪ್ಪ” ಎಂದೆ.

ಅವನು ನಕ್ಕ. “ಎಲ್ಲಾದ್ಕಿಂತ ಕೆಟ್ಟೋಗಿರೋದೇ ಅದು ಕಣ್ರಮ್ಮ. ಬೇಕಾರೆ ಬಾವಿತಾವ ಮಿಂದ್ಕಂಡು ಬತ್ತೀನಿ.”

ನಾನು ದೇವರ ಮನೆಯ ಬಾಗಿಲಿಗೆ ಅಡ್ಡವಾಗಿಯೇ ನಿಂತೆ. ಅವನಿಗೆ ಅರ್ಥವಾಯಿತು. ಸುತ್ತಿಗೆಯನ್ನು ಚೀಲಕ್ಕೆ ಇಳಿಸಿದ. “ಆಗ್ಲಿ. ದೊಡ್ಡಮ್ಮಾರು ಒದ್ದೆ ಸೀರೇಲೇ ಪೂಜೆಗೆ ಓಗ್ತಾರಲ್ಲ, ಆ ಹಿತ್ತಾಳೆ ಸ್ವಿಚ್ಚು ಮಾತ್ರ ಮುಟ್ಟಬ್ಯಾಡಿ ಅಂತ ಹೇಳ್ಬುಡಿ. ಮರೀಬ್ಯಾಡಿ ತಾಯಿ.”

ಮರೆಯಲಿಲ್ಲ. ಹೇಳಲಿಲ್ಲ, ಅಷ್ಟೆ. ಹೇಳಿದರೆ, “ಹಂಗಾರೆ ಅವನನ್ನ ಒಳಕ್ಕೆ ಬಿಡಬೇಕಿತ್ತು ಅಂತೀಯಾ?” ಎಂದು ಅತ್ತೆ ಕೇಳುತ್ತಾರೆ, ನನ್ನ ಕಾನ್ವೆಂಟು ಮತ್ತೆ ಮಾತಿಗೆ ಬರುತ್ತದೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಬಿಲ್ವಪತ್ರೆಯ ತಟ್ಟೆ ಕಲ್ಲುಹಾಸಿನ ಮೇಲೆ ಬಿದ್ದ ಸದ್ದಾಯಿತು. ಓಡಿಹೋಗಿ ನೋಡಿದರೆ ಅತ್ತೆ ದೇವರ ಮನೆಯ ಹೊಸ್ತಿಲಲ್ಲಿ ಕುಸಿದಿದ್ದರು. ಬಲಗೈ ಬೆರಳುಗಳು ಸೆಟೆದುಕೊಂಡಿದ್ದವು. ಪುಣ್ಯಕ್ಕೆ ಜೀವಕ್ಕೇನೂ ಆಗಲಿಲ್ಲ.

ಮಾವನವರು ಅಂದೇ ವೈರ್‌ಮನ್‌ನನ್ನು ಕರೆಸಿ ನಡುಮನೆಯಲ್ಲೇ ನಿಲ್ಲಿಸಿಕೊಂಡರು. “ಇದೇನಯ್ಯಾ ನೀನು ಮಾಡಿದ ಕೆಲಸ? ನಮ್ಮ ಬೀದಿಯವರೆಲ್ಲ ನಿನ್ನನ್ನೇ ಕರೀಬೇಕು ಅಂತಿದ್ರು. ಬ್ಯಾಡ ಅಂತ ನಾನೇ ಹೇಳ್ತೀನಿ.”

“ಚಿಕ್ಕಮ್ಮಾರ್ಗೆ ಹೇಳಿದ್ದೆ ಸಾ.”

ಮಾವನವರು ನನ್ನ ಕಡೆ ತಿರುಗಿದರು. “ಹೇಳಿದ್ನೇನವ್ವ?”

ಬಿಲ್ವದ ಎಲೆಯೊಂದು ನನ್ನ ಸೆರಗಿಗೆ ಅಂಟಿತ್ತು. ಅದನ್ನು ಬಿಡಿಸುತ್ತಾ, “ನೆನಪಿಲ್ಲ ಮಾವ” ಎಂದೆ.

ಒಳಗಿನಿಂದ ಅತ್ತೆಯೇ ಕೂಗಿದರು: “ಮೊದಲು ಹೋಗಿ ಅದನ್ನ ಕಿತ್ತಾಕು ಅನ್ನಿ!” ಲಿಂಗದ ಮಾತು ಈಗ ಯಾರೂ ಎತ್ತಲಿಲ್ಲ. ಅವನು ಗೋಣಿಚೀಲಕ್ಕೆ ಕಾಲು ಒರೆಸಿಕೊಂಡು ಹೋಗಿ, ಹೊಸ ತಂತಿ ಎಳೆದು, ಉದುರಿದ ರಬ್ಬರಿನ ಪುಡಿಯನ್ನೆಲ್ಲ ಅಂಗೈಯಲ್ಲಿ ಬಳಿದುಕೊಂಡು ಹೊರಬಂದ. ನಾನು ಕಾಫಿ ಲೋಟ ಚಾಚಿದೆ.

“ಬ್ಯಾಡಿ ಕಣಮ್ಮ” ಎಂದ, ನನ್ನ ಮುಖ ನೋಡದೆ.

ಮುಂದಿನ ತಿಂಗಳು ಎದುರು ಮನೆಯಾಕೆ ಜಗಲಿಯಿಂದ ಕೇಳಿದರು: “ನಿಮ್ಮನೇಗೆ ಬಂದಿದ್ನಲ್ಲ, ಅವನ ಕೆಲಸ ಹೆಂಗೆ? ಕರೀಬೋದಾ?”

ಹೌದು ಎಂಬ ಒಂದು ಮಾತು ಸಾಕಿತ್ತು. ಬಾಗಿಲ ಸಂದಿಯಲ್ಲಿ ಮಾವನವರ ಚಪ್ಪಲಿ ಕಾಣುತ್ತಿತ್ತು; ಅವರು ಮನೆಯಲ್ಲೇ ಇದ್ದರು.

“ಮಾವನವರನ್ನೇ ಕೇಳಿ” ಎಂದು ಒಳಗೆ ಬಂದುಬಿಟ್ಟೆ.